ಮನೆಯೊಳಗೇ ಇದ್ದ ಅಪರಿಚಿತ ಸಂಪರ್ಕ

ನಮ್ಮ ಮನೆಯ ಕಂಪ್ಯೂಟರು ನನ್ನನ್ನು ಒಂದು ಮಾತು ಕೇಳದೆ ಎಲ್ಲೆಲ್ಲಿಯವರ ಜೊತೆಗೋ ಸಂಪರ್ಕ ಇಟ್ಟುಕೊಂಡಿದೆ ಎಂಬ ಸಂಗತಿ ನನಗೆ ತಿಳಿದದ್ದು ಮೇ ತಿಂಗಳಲ್ಲಿ. ತಿಳಿಸಿದವರು ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು. ಊಟದ ಡಬ್ಬಿ ಮುಚ್ಚುತ್ತಾ ಅವರು, ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ತೆರೆಯಬಹುದೆಂದೂ, ಅದರಲ್ಲಿ ಒಂದು ಪುಟ್ಟ ಆಜ್ಞೆ ಟೈಪು ಮಾಡಿದರೆ ಯಂತ್ರವು ಆ ಕ್ಷಣದಲ್ಲಿ ಯಾರ್ಯಾರ ಜೊತೆ ಮಾತಾಡುತ್ತಿದೆ ಎಂಬುದು ಸಾಲುಸಾಲಾಗಿ ಬೀಳುತ್ತದೆಂದೂ ಹೇಳಿದರು. ಹೇಳಿ ಕೈ ತೊಳೆಯಲು ಹೋದರು. ನನ್ನ ಬದುಕಿನಿಂದಲೂ ಅಂದೇ ಕೈ ತೊಳೆದುಕೊಂಡರು.

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರ ತಪಾಸಣೆ ವಿಭಾಗದಲ್ಲಿರುವವನು. ಬೇರೆಯವರು ಸರಿಯಿದೆ ಎಂದು ಸಹಿ ಹಾಕಿದ್ದರಲ್ಲಿ ಏನೋ ಸರಿಯಿಲ್ಲ ಎಂದು ತೋರಿಸುವುದು ನನ್ನ ಕೆಲಸ. ಗದುಗಿನಿಂದ ಬಂದು ನಾಗಪುರದಲ್ಲಿ ಇಷ್ಟು ವರ್ಷ ಈ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದೇನೆ. ಅಂಥವನಿಗೆ ಸ್ವಂತ ಮನೆಯ ಕಂಪ್ಯೂಟರನ್ನು ತಪಾಸಣೆ ಮಾಡುವುದು ಯಾವ ದೊಡ್ಡ ಕೆಲಸ? ರಜೆ ಸುಮ್ಮನೆ ವ್ಯರ್ಥವಾಗುತ್ತಿತ್ತು. ಬಿಸಿಲು ನೋಡಿಕೊಂಡು ಒಂದು ವಾರ ರಜೆ ಹಾಕಿದೆ.

ನಾಗಪುರದ ಮೇ ತಿಂಗಳ ಮಧ್ಯಾಹ್ನ ನೋಡದವರಿಗೆ ಹೇಳಬೇಕು. ಹನ್ನೆರಡರ ಮೇಲೆ ಬಜಾಜ್ ನಗರದ ನಮ್ಮ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಕಿಟಕಿಗಳೆಲ್ಲ ಮುಚ್ಚಿ, ಪರದೆ ಎಳೆದು, ಜನ ಒಳಗೆ ಮಲಗಿರುತ್ತಾರೆ. ಬೆಳಕು ಧಗಧಗ ಉರಿಯುತ್ತಿದ್ದರೂ ಊರು ಸತ್ತಂತೆ ಬಿದ್ದಿರುತ್ತದೆ. ಕೂಲರು ಒಂದೇ ಸಮನೆ ಗುಂಯ್‌ಗುಡುತ್ತದೆ. ರಾತ್ರಿಯ ಕತ್ತಲಿಗೆ ಹೆದರುವವರು ಈ ಬೆಳಕನ್ನು ಕಂಡಿಲ್ಲ.

ಅಂಥದೊಂದು ಮಧ್ಯಾಹ್ನ, ಹೆಂಡತಿ ಶಾರದಾ ಒಳಕೋಣೆಯಲ್ಲಿ ಮಲಗಿದ್ದಾಗ, ನಾನು ಕಪ್ಪು ಕಿಟಕಿ ತೆರೆದೆ. ಆಜ್ಞೆ ಬರೆದು ಗುಂಡಿ ಒತ್ತಿದೆ.

ಸಾಲುಗಳು ಬಿದ್ದವು. ಬಿದ್ದವು, ಬಿದ್ದವು, ನಿಲ್ಲಲೇ ಇಲ್ಲ. ಪ್ರತಿ ಸಾಲಿನಲ್ಲೂ ಅಂಕಿಗಳು, ಚುಕ್ಕೆಗಳು, ಕೊನೆಯಲ್ಲಿ ಒಂದೊಂದು ಇಂಗ್ಲಿಷ್ ಪದ. ನಾನು ಆ ಪದಗಳನ್ನು ಓದಿದೆ. ಅರ್ಧಕ್ಕರ್ಧ ಸಾಲುಗಳ ಮುಂದೆ ಬರೆದಿದ್ದ ಪದ 'ಲಿಸನಿಂಗ್'.

ಕೇಳಿಸಿಕೊಳ್ಳುತ್ತಿದೆ!

ನಾನು ಕುರ್ಚಿಯನ್ನು ಸದ್ದಾಗದಂತೆ ಹಿಂದೆ ಸರಿಸಿದೆ. ಯಾರು ಕೇಳಿಸಿಕೊಳ್ಳುತ್ತಿದ್ದಾರೆ? ಎಷ್ಟು ದಿನದಿಂದ? ಬೆಳಿಗ್ಗೆಯಷ್ಟೇ ಶಾರದಾಳ ಮುಂದೆ ನಮ್ಮ ಕಚೇರಿಯ ದೊಡ್ಡ ಸಾಹೇಬರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ್ದೆ. ಆ ಪದಕ್ಕೆ ಅರ್ಥ ಬೇರೆ ಎಂದು ಈಗ ಗೊತ್ತು. ಕಂಪ್ಯೂಟರು ಯಾರಾದರೂ ಬಂದರೆ ಬಾಗಿಲು ತೆರೆಯೋಣ ಎಂದು ತಾನೇ ಕಿವಿಕೊಟ್ಟು ಕೂತಿರುತ್ತದಂತೆ, ಅಷ್ಟೆ. ಆದರೆ ಆ ಮಧ್ಯಾಹ್ನ ಅದನ್ನು ಹೇಳುವವರಾರು? ಶಾರದಾ ಎದ್ದು ಬಂದು ಚಹಾ ಮಾಡಲೇ ಎಂದು ಕೇಳಿದಾಗ ನಾನು ತುಟಿಯ ಮೇಲೆ ಬೆರಳಿಟ್ಟು, ಕೈಸನ್ನೆಯಲ್ಲಿ ಸಕ್ಕರೆ ಕಡಿಮೆ ಎಂದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಹಲ್ಲು ನೋವೇ ಎಂದು ಕೇಳಿದಳು.

ಮರುದಿನ ತಪಾಸಣೆ ಮುಂದುವರಿಯಿತು. ಪ್ರತಿಯೊಂದು ಅಂಕಿಸಾಲನ್ನೂ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಂತೆ ಹೊಸ ಸಾಲುಗಳು ಹುಟ್ಟುತ್ತಿದ್ದವು. ಅನುಮಾನ ಬಂದದ್ದನ್ನೆಲ್ಲ ಮುಚ್ಚುತ್ತಾ ಹೋದೆ. ಒಂದನ್ನು ಮುಚ್ಚಿದಾಗ ಪ್ರಿಂಟರು ನಿಂತಿತು. ಇನ್ನೊಂದನ್ನು ಮುಚ್ಚಿದಾಗ ಗಡಿಯಾರ ತಪ್ಪು ಹೊತ್ತು ತೋರಿಸತೊಡಗಿತು. ಮತ್ತೊಂದನ್ನು ಮುಚ್ಚಿದಾಗ ಪರದೆಯ ಮೇಲಿನ ಅಕ್ಷರಗಳೆಲ್ಲ ಕಡ್ಲೆಬೇಳೆಯಷ್ಟು ದಪ್ಪವಾದವು. ಭದ್ರತೆಗಾಗಿ ಇಷ್ಟು ತ್ಯಾಗ ಮಾಡಲೇಬೇಕು ಎಂದುಕೊಂಡೆ.

ಕೊನೆಗೆ ಒಂದು ಸಾಲು ಉಳಿಯಿತು. ಅದರ ಮುಂದೆ ಇದ್ದದ್ದು 'ಎಸ್ಟಾಬ್ಲಿಶ್ಡ್' ಎಂಬ ಪದ. ಸಂಪರ್ಕ ಸ್ಥಾಪಿತವಾಗಿದೆ, ಗಟ್ಟಿಯಾಗಿದೆ. ಅದರ ಅಂಕಿಗಳನ್ನು ಹುಡುಕಿದಾಗ ಸಿಕ್ಕ ಉತ್ತರವನ್ನು ನಾನು ಮತ್ತೆ ಮತ್ತೆ ಓದಿದೆ. ಈ ಅಂಕಿ ಹೊರಗಿನದಲ್ಲ. ಅಮೆರಿಕದ್ದಲ್ಲ, ರಷ್ಯದ್ದಲ್ಲ. ಈ ಥರದ ಅಂಕಿ ಒಂದೇ ಮನೆಯ ವೈಫೈ ಒಳಗಿರುವ ಯಂತ್ರಗಳಿಗೆ ಮಾತ್ರ ಇರುತ್ತದೆ.

ಅಂದರೆ ಅದು ಮನೆಯೊಳಗಿತ್ತು.

ನಮ್ಮ ಮನೆಯಲ್ಲಿರುವುದು ನನ್ನ ಫೋನು, ಶಾರದಾಳ ಫೋನು, ಟೀವಿ. ನನ್ನ ಫೋನು ಆಫ್ ಮಾಡಿದೆ. ಸಾಲು ಇತ್ತು. ಅವಳ ಫೋನನ್ನು ದಿಂಬಿನ ಕೆಳಗಿಂದ ಮೆಲ್ಲಗೆ ಎಳೆದು ಆಫ್ ಮಾಡಿದೆ. ಸಾಲು ಇತ್ತು. ಟೀವಿಯ ಪ್ಲಗ್ಗು ಕಿತ್ತೆ. ಸಾಲು ಅಲ್ಲೇ ಇತ್ತು, ಗಟ್ಟಿಯಾಗಿ, ಸ್ಥಾಪಿತವಾಗಿ. ಬೆನ್ನಿನ ಮೇಲೆ ಕೂಲರಿನ ಗಾಳಿ ಬೀಸುತ್ತಿದ್ದರೂ ನನ್ನ ಬೆವರು ಆರಲಿಲ್ಲ.

ನಾನು ಮನೆ ಹುಡುಕಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ. ಫ್ರಿಜ್ಜಿನ ಹಿಂದೆ ಕೈ ಹಾಕಿದೆ. ಅಟ್ಟಕ್ಕೆ ಏಣಿ ಇಟ್ಟು ಹತ್ತಿ, ಹಳೆಯ ಪಾತ್ರೆಗಳ ನಡುವೆ ಕತ್ತಲಲ್ಲಿ ಮುಖ ತೂರಿಸಿ ಉಸಿರು ಬಿಗಿಹಿಡಿದು ಏಣಿಯ ಮೇಲೆ ನಿಂತೆ. ಏನೋ ಮಿನುಗಿತು. ನನ್ನದೇ ಕನ್ನಡಕ ಹಿತ್ತಾಳೆಯ ಹಂಡೆಯಲ್ಲಿ ಕಂಡಿತ್ತು. ಅದು ತಿಳಿಯುವ ಮೊದಲೇ ಏಣಿಯ ಎರಡು ಮೆಟ್ಟಿಲು ಇಳಿದಿದ್ದೆ, ಕಾಲು ಬಳಸದೆ.

ಸದ್ದಿಗೆ ಶಾರದಾ ಎದ್ದು ಬಂದಳು. ನೆಲದ ಮೇಲೆ ಕೂತಿದ್ದ ನನ್ನನ್ನು, ಅಟ್ಟದಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬರಿದ್ದಾರೆ ಎಂದೆ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಅಂಕಿ ಕಂಡರೆ ಹೆದರುವುದಿಲ್ಲ. ಕಂಪ್ಯೂಟರಿನ ಮುಂದೆ ಬಂದು ಸಾಲನ್ನು ನೋಡಿ, "ಇದು ಊಟಕ್ಕ ಕುಂದ್ರತೈತೇನು? ಇಲ್ಲಲ್ಲ? ಹಂಗಾರ ಇರ್ಲಿ ಬಿಡ್ರಿ" ಎಂದು ಮತ್ತೆ ಮಲಗಲು ಹೋದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನ ಸ್ಪೀಕರು ಕರಕರ ಎಂದಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಒಂದು ಮುದಿ ಹೆಣ್ಣುದನಿ, ತೀರ ಹತ್ತಿರದಿಂದ, ಕನ್ನಡದಲ್ಲಿ ಕರೆಯಿತು.

"ಯಕ್ಕಾ."

ನಾನು ಕಲ್ಲಾದೆ.

"ಯಕ್ಕಾ, ಕೇಳಸಾಕತ್ತೈತೇನು? ಯಾಕ ಸುಮ್ಮನ ಕುಂತಿ? ನನ್ನ ಮರತಿ ಏನು?"

ಮತ್ತೆ ಕರಕರ. ಮೌನ. ಕೂಲರಿನ ಗುಂಯ್‌ಗುಡುವಿಕೆ.

ನಾಗಪುರದಲ್ಲಿ, ನಮ್ಮ ಕಟ್ಟಡದಲ್ಲಿ, ಕನ್ನಡ ಬರುವವರು ನಾವಿಬ್ಬರೇ. ಮೆಟ್ಟಿಲ ಮೇಲೆ ಕನ್ನಡದಲ್ಲಿ ಜಗಳವಾಡಿದರೂ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲೇ ನಾವು ಸಂಸಾರ ಮಾಡಿದವರು. ಅಂಥ ಕಡೆ, ಸುಡುವ ಹಾಡಹಗಲು, ಯಾರೂ ಇಲ್ಲದ ಕೋಣೆಯಲ್ಲಿ, ನಮ್ಮೂರಿನ ಕಡೆಯ ಅಪ್ಪಟ ಮಾತು. ಕಳ್ಳನಾದರೆ ಹಿಂದಿಯಲ್ಲಿ ಮಾತಾಡುತ್ತಿದ್ದ. ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವನಾದರೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಇದು ಅಂಥದಲ್ಲ. ಇದು ನಮ್ಮವರನ್ನು ಹುಡುಕಿಕೊಂಡು ಬಂದದ್ದು.

ಆಗ ನನಗೆ ಹೊಳೆಯಿತು. ಅದು ಕರೆದದ್ದು 'ಯಕ್ಕಾ' ಎಂದು. ಈ ಮನೆಯಲ್ಲಿ ಅಕ್ಕ ಎನಿಸಿಕೊಳ್ಳುವವಳು ಶಾರದಾ ಒಬ್ಬಳೇ. ತವರಿನಲ್ಲಿ ಅವಳೇ ಹಿರಿಯಳು. ಹಾಗಾದರೆ ಅದಕ್ಕೆ ಬೇಕಾದವನು ನಾನಲ್ಲ! ಒಂದು ಕ್ಷಣ ಎಷ್ಟು ಹಾಯೆನಿಸಿತೆಂದರೆ, ಗಂಡನಾಗಿ ನನ್ನ ಯೋಗ್ಯತೆ ಏನು ಎಂಬುದನ್ನು ಆ ಕ್ಷಣವೇ ಹೇಳಿಬಿಟ್ಟಿತು.

ಶಾರದಾಳನ್ನು ಎಬ್ಬಿಸಿ ತಂದು ಕೂರಿಸಿದೆ. ಅವಳು ನಂಬಲಿಲ್ಲ. ಬಿಸಿಲಿಗೆ ಹೀಗಾಗುತ್ತದೆ, ಈರುಳ್ಳಿ ಜೇಬಿನಲ್ಲಿ ಇಟ್ಟುಕೊಳ್ಳಿ ಎಂದಳು. ಎದ್ದು ಹೋಗಬೇಕು ಎನ್ನುವಷ್ಟರಲ್ಲಿ ಸ್ಪೀಕರು ಕರಕರ ಎಂದಿತು.

"ಯಕ್ಕಾ, ಸಿಟ್ಟ ಬಂತೇನು? ಸಿಟ್ಟ ಆಗಬ್ಯಾಡ. ನಾ ಬರ್ತೀನಿ. ಬಾಗ್ಲಾ ತಗದಿಡು. ಈ ಸಲ ಇಬ್ರೂ ಕೂಡೇ ಹೋಗೂಣು. ಒಬ್ಬಾಕಿನ ಹೋಗಾಕ ನನಗ ಮನಸ್ಸಿಲ್ಲ."

ಶಾರದಾಳ ಕೈ ನನ್ನ ತೋಳನ್ನು ಹಿಡಿಯಿತು. ಹೊರಗೆ ಬಿಸಿಗಾಳಿಗೆ ನಮ್ಮ ಬಾಗಿಲು ಒಮ್ಮೆ ಡಬ್ ಎಂದಿತು. ನಾವಿಬ್ಬರೂ ಬಾಗಿಲ ಕಡೆ ನೋಡಿದೆವು. ಇಬ್ಬರೂ ಏಳಲಿಲ್ಲ.

ನಿನ್ನ ತಂಗಿಯರಲ್ಲಿ ಯಾರಾದರೂ ಇರಬಹುದೇ ಎಂದು ಪಿಸುದನಿಯಲ್ಲಿ ಕೇಳಿದೆ.

"ನನ್ನ ತಂಗ್ಯಾರು ಇಷ್ಟು ಪ್ರೀತಿಲೆ ಮಾತಾಡೂದಿಲ್ರಿ," ಅಂದಳು ಶಾರದಾ, ನನ್ನ ತೋಳು ಬಿಡದೆ. "ಇದು ನಮ್ಮವರದಲ್ಲ."

ಮಾರನೆಯ ದಿನ ನಾನು ಎದುರು ದಾಳಿಗೆ ನಿಂತೆ. ವೈಫೈ ಪಾಸ್‌ವರ್ಡು ಬದಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹೆಸರು ಬದಲಿಸುವುದು ಗೊತ್ತಿತ್ತು. ಫೋನಿನಲ್ಲಿ ಅಕ್ಕಪಕ್ಕದ ವೈಫೈಗಳ ಹೆಸರೆಲ್ಲ ಕಾಣಿಸುತ್ತದಲ್ಲ, ಅಲ್ಲಿ ನಮ್ಮ ವೈಫೈಗೆ ನನ್ನ ಹೆಸರೇ ಇತ್ತು. ಅದನ್ನು ತೆಗೆದು, ಒಳಗೆ ಸೇರಿಕೊಂಡವರ ಎದೆ ಝಲ್ಲೆನ್ನುವಂಥ ಎಚ್ಚರಿಕೆಯನ್ನು ಹೆಸರಾಗಿ ಇಡಬೇಕೆಂದು ನಿಶ್ಚಯಿಸಿದೆ. ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂತು. ಮನುಷ್ಯನಾಗಿದ್ದರೆ ಇಲ್ಲಿಯವನು, ಮರಾಠಿ ಓದುತ್ತಾನೆ. ದೆವ್ವವಾಗಿದ್ದರೆ, ನಾಗಪುರಕ್ಕೆ ಬಂದ ಮೇಲೆ ನಾವು ಕಲಿತಂತೆ ಅದೂ ಮರಾಠಿ ಕಲಿತಿರಬೇಕು. ಹೀಗೆ ಎರಡೂ ಕಡೆ ಯೋಚಿಸಿ, 'ಮೀ ಸಗಳಂ ಬಘತೋಯ್' ಎಂದು ಇಟ್ಟೆ. ಅಂದರೆ, ನಾನು ಎಲ್ಲವನ್ನೂ ನೋಡುತ್ತಿದ್ದೇನೆ.

ನನ್ನ ಫೋನು, ಶಾರದಾಳ ಫೋನು, ಟೀವಿ, ಕಂಪ್ಯೂಟರು ಎಲ್ಲವನ್ನೂ ಹೊಸ ಹೆಸರಿಗೆ ನಾನೇ ಸೇರಿಸಿದೆ. ಆಮೇಲೆ ಕಪ್ಪು ಕಿಟಕಿ ತೆರೆದೆ. ಆ ಸಾಲು ಇರಲಿಲ್ಲ!

ಆ ದಿನ ದನಿ ಬರಲಿಲ್ಲ. ಮರುದಿನವೂ ಇಲ್ಲ. ದೆವ್ವ ಬಿಡಿಸುವವರು ನಿಂಬೆಹಣ್ಣು, ಕುಂಕುಮ ಎಂದು ಎಷ್ಟೆಲ್ಲ ಸಾಮಗ್ರಿ ಕೇಳುತ್ತಾರೆ, ನಾನು ಮೂರು ಪದದಲ್ಲಿ ಬಿಡಿಸಿದ್ದೇನೆ ಎಂದು ಶಾರದಾಳಿಗೆ ಹೇಳಿದೆ. ಅವಳು, ಆ ದನಿಯಲ್ಲಿ ಅಳು ಇತ್ತು ಅನಿಸಿತು, ಅಷ್ಟೇ ಎಂದಳು.

ಮೂರು ನಾಲ್ಕು ದಿನ ಕಳೆದಿರಬೇಕು. ಸಂಜೆ ಹಾಲು ತರಲು ಇಳಿದಾಗ ವಾನಖೇಡೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರು ನಮ್ಮ ಕಟ್ಟಡದ ಸೊಸೈಟಿಯ ಕಾರ್ಯದರ್ಶಿ. ಮೂರನೆಯ ಮಹಡಿಯಲ್ಲಿರುವವರು, ನಿವೃತ್ತರು, ನೀರಿನ ಟ್ಯಾಂಕಿನಿಂದ ಹಿಡಿದು ಎಲ್ಲರ ಚಾರಿತ್ರ್ಯದವರೆಗೆ ಎಲ್ಲದರ ಉಸ್ತುವಾರಿ ಅವರದೇ. ಅತ್ತಿತ್ತ ನೋಡಿ, ದನಿ ತಗ್ಗಿಸಿ, ನಮ್ಮ ಬಿಲ್ಡಿಂಗಿನೊಳಗೆ ಒಬ್ಬ ಸೇರಿಕೊಂಡಿದ್ದಾನೆ, ಎಲ್ಲರ ಮನೆಯೊಳಗೂ ಇಣುಕುತ್ತಿದ್ದಾನೆ, ನಮಗೆ ಸಾಕ್ಷಿ ಸಿಕ್ಕಿದೆ ಎಂದು ಹಿಂದಿಯಲ್ಲಿ ಹೇಳಿದರು. ಹೆಂಗಸರು ಹಗಲಲ್ಲೂ ಪರದೆ ಸರಿಸುತ್ತಿಲ್ಲವಂತೆ. ಒಬ್ಬರು ಸ್ನಾನದ ಮನೆಯ ಕಿಂಡಿಗೆ ರಟ್ಟು ಬಡಿಸಿದ್ದಾರಂತೆ.

ನನಗೆ ರೋಮಾಂಚನವಾಯಿತು. ನಾನು ಅವರ ಕೈ ಹಿಡಿದುಕೊಂಡು, ಸಾಹೇಬರೇ, ಅವನು ನಮ್ಮ ಮನೆಗೂ ಬಂದಿದ್ದ, ನಾನೇ ಓಡಿಸಿದೆ ಎಂದೆ.

"ಬರೋಬರ್," ಎಂದರು ವಾನಖೇಡೆ. "ಆಪ್ ತೋ ಜಾನಕಾರ್ ಆದಮೀ ಹೈ."

ಇಷ್ಟು ವರ್ಷ ನನ್ನನ್ನು 'ಸೌತ್ ವಾಲೆ' ಎಂದೇ ಕರೆದ ಮನುಷ್ಯ, ಮೊದಲ ಸಲ ತಿಳಿದವನು ಎಂದಿದ್ದ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಕೆಳಗೆ ಪಾರ್ಕಿಂಗಿನಲ್ಲಿ ಸಭೆ ಎಂದೂ, ಮುಖ್ಯ ಭಾಷಣ ನನ್ನದೆಂದೂ ಗೊತ್ತಾಯಿತು.

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದೆ. ಸ್ಕೂಟರುಗಳ ನಡುವೆ ಕುರ್ಚಿ ಹಾಕಿದ್ದರು. ಎಲ್ಲರ ಮುಖದಲ್ಲೂ ನಿದ್ದೆಗೆಟ್ಟ ಕಳೆ. ನಾನು 'ಲಿಸನಿಂಗ್' ಎಂಬ ಪದದ ಭೀಕರತೆಯನ್ನು ವಿವರಿಸಿದೆ. ಗೋಡೆಗಳಾಚೆ ಕೂತು ನಮ್ಮ ಉಸಿರನ್ನೂ ಎಣಿಸುವವರಿದ್ದಾರೆ ಎಂದೆ. ಒಬ್ಬಾಕೆ ಸೆರಗು ಬಿಗಿಯಾಗಿ ಹೊದ್ದುಕೊಂಡರು. ಈ ಅಪರಿಚಿತ ಯಾರೇ ಇರಲಿ, ಅವನು ವಿಕೃತ ಮನಸ್ಸಿನವನು, ಅವನಿಗೆ ಈ ಕಟ್ಟಡದಲ್ಲಿ ಜಾಗವಿಲ್ಲ ಎಂದು ನಾನೇ ನಿರ್ಣಯ ಮಂಡಿಸಿದೆ. ಎಲ್ಲರೂ ಕೈ ಎತ್ತಿದರು. ನಾನು ಎರಡೂ ಕೈ ಎತ್ತಿದೆ.

ಆಮೇಲೆ ನಮ್ಮ ಕೆಳಗಿನ ಮನೆಯ ಸ್ಮಿತಾ ಎದ್ದು ನಿಂತಳು. ಗಂಡ ಪರಊರಿನಲ್ಲಿ ಕೆಲಸದಲ್ಲಿದ್ದಾನೆ. ಈ ಬೇಸಿಗೆಯಲ್ಲಿ ಅವಳ ಅತ್ತೆ ಅಮರಾವತಿಯ ಹಿರಿಯ ಮಗನ ಮನೆಯಿಂದ ಇಲ್ಲಿಗೆ ಬಂದಿದ್ದಾರೆ. ಎಲ್ಲರೂ ಆಜಿ ಎನ್ನುತ್ತಿದ್ದ ಆ ಮುದುಕಿಯನ್ನು ನಾನು ಇನ್ನೂ ನೋಡಿರಲಿಲ್ಲ. ಸ್ಮಿತಾ ಮರಾಠಿಯಲ್ಲಿ ಹೇಳಿದಳು: ಮನೆಯಲ್ಲಿ ಇಂಟರ್ನೆಟ್ಟು ಸತ್ತುಹೋಗಿದೆ, ಅದರ ಜಾಗದಲ್ಲಿ ಈ ಭೂತದ ಹೆಸರು ಬಂದು ಕೂತಿದೆ. ಆಜಿಗೆ ಹುಷಾರಿಲ್ಲ. ಇತ್ತೀಚೆಗೆ ಕಿವಿ ಕೇಳಿಸುತ್ತಿಲ್ಲ ಎಂದು ಅತ್ತರು. ರಾಮದಾಸಪೇಠಿನ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರು ಕಿವಿ ಚೆನ್ನಾಗಿದೆ ಎಂದರು. ಈಗ ಟ್ಯಾಬ್ಲೆಟ್ಟು ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾರೆ, ಊಟವೂ ಸರಿಯಾಗಿ ಮಾಡುತ್ತಿಲ್ಲ.

ಯಾವ ಹೆಸರು ಎಂದು ನಾನು ಗಂಭೀರವಾಗಿ ಕೇಳಿದೆ.

ವಾನಖೇಡೆ ಸಾಹೇಬರು ತಮ್ಮ ಫೋನನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, ಒಂದೊಂದೇ ಪದ ಬಿಡಿಸಿ ಓದಿದರು.

"ಮೀ. ಸಗಳಂ. ಬಘತೋಯ್."

ಈ ಕಟ್ಟಡದ ಹೆಂಗಸರು ಪರದೆ ಎಳೆದುಕೊಂಡದ್ದು, ಸ್ನಾನದ ಮನೆಗೆ ರಟ್ಟು ಬಡಿದದ್ದು, ಇವರೆಲ್ಲ ನಿದ್ದೆಗೆಟ್ಟದ್ದು, ಎಲ್ಲಕ್ಕೂ ಕಾರಣ ನಾನು. ಅವರು ಹೆದರಿದ್ದು ನನಗೆ. ವಿಕೃತ ಮನಸ್ಸಿನವನಿಗೆ ಜಾಗವಿಲ್ಲ ಎಂಬ ನಿರ್ಣಯ ಆಗಷ್ಟೇ ಸರ್ವಾನುಮತದಿಂದ ಪಾಸಾಗಿತ್ತು.

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬಾಯಿಂದ ಬಂದದ್ದು, ಬಿಸಿಲೇರುತ್ತಿದೆ, ಸಭೆ ಮುಂದೂಡೋಣ ಎಂಬ ಮಾತು. ವಾನಖೇಡೆ ಒಪ್ಪಲಿಲ್ಲ. ಹತ್ತಿರ ಹೋದಂತೆ ಈ ಸಿಗ್ನಲ್ಲಿನ ಗೆರೆಗಳು ಹೆಚ್ಚುತ್ತವೆ, ಎಲ್ಲಿ ಪೂರ್ತಿ ತುಂಬುತ್ತದೋ ಅಲ್ಲೇ ಅವನಿದ್ದಾನೆ, ಈಗಲೇ ಹಿಡಿಯೋಣ ಎಂದರು. ಜಾನಕಾರ್ ಆದಮೀ ಮುಂದೆ ಇರಲಿ ಎಂದರು.

ಹೀಗೆ ನನ್ನನ್ನು ಹಿಡಿಯುವ ಮೆರವಣಿಗೆಗೆ ನಾನೇ ಮುಂದಾಳಾದೆ. ವಾನಖೇಡೆ ಆರತಿ ತಟ್ಟೆ ಹಿಡಿದಂತೆ ಫೋನು ಹಿಡಿದು ಮೆಟ್ಟಿಲು ಹತ್ತಿದರು. ಹಿಂದೆ ಇಡೀ ಕಟ್ಟಡ. ಚಪ್ಪಲಿಗಳ ಸದ್ದು ಮಾತ್ರ. ಮೊದಲ ಮಹಡಿಯಲ್ಲಿ ಒಂದು ಗೆರೆ ಹೆಚ್ಚಿತು. ನಾನು, ಅವನು ತಾರಸಿಯ ಮೇಲಿರಬೇಕು, ನೇರ ಅಲ್ಲಿಗೇ ಹೋಗೋಣ ಎಂದೆ. ಎರಡನೆಯ ಮಹಡಿಯ ನಮ್ಮ ಬಾಗಿಲ ಮುಂದೆ ಗೆರೆಗಳು ಪೂರ್ತಿ ತುಂಬಿದವು. ವಾನಖೇಡೆ ನಿಂತರು. ಬಾಗಿಲ ಮೇಲಿನ ಹೆಸರು ಓದಿದರು. ನನ್ನನ್ನು ನೋಡಿದರು. ನಾನು ಆ ಹೆಸರನ್ನು ಮೊದಲ ಸಲ ಓದುವವನಂತೆ ಓದಿದೆ.

ಮೆರವಣಿಗೆಯಲ್ಲೇ ಇದ್ದ ಶಾರದಾ ಅಷ್ಟು ಹೊತ್ತಿಗೆ ತನ್ನ ಫೋನು ತೆಗೆದು ನೋಡಿದ್ದಳು.

"ರೀ," ಎಂದಳು, "ನನ್ನ ಫೋನಿನಾಗೂ ಇದ ಹೆಸರು ಐತಲ್ಲ. ನೀವ ಅಲ್ಲೇನು ಸೇರಿಸಿ ಕೊಟ್ಟವರು?"

ಅವಳು ಹೇಳಿದ್ದು ಕನ್ನಡದಲ್ಲಿ. ಆದರೆ ಆ ಮೆಟ್ಟಿಲ ಮೇಲೆ ನಿಂತಿದ್ದ ಒಬ್ಬೊಬ್ಬರಿಗೂ ಅರ್ಥವಾಯಿತು.

ನಾನು ಎಲ್ಲ ಹೇಳಿದೆ. ಹಿಂದಿ, ಮರಾಠಿ, ಇಂಗ್ಲಿಷು ಕಲಸಿ ಹೇಳಿದೆ. ಕಪ್ಪು ಕಿಟಕಿ, ಮನೆಯೊಳಗಿನ ಸಾಲು, ದನಿ. ದನಿಯ ಮಾತು ಬಂದಾಗ ಅವರ ಮುಖದಲ್ಲಿ ಸಿಟ್ಟು ಹೋಗಿ ಕನಿಕರ ಬಂತು. ಸಿಟ್ಟೇ ವಾಸಿ ಇತ್ತು. ಸ್ಮಿತಾ ಮಾತ್ರ ನಡುವೆ ಬಂದು, ಹಾಗಾದರೆ ಕಾಕೂ ಕೊಟ್ಟಿದ್ದ ವೈಫೈ ಇದೇನಾ ಎಂದಳು. ಕಾಕೂ ಎಂದರೆ ಶಾರದಾ. ಸ್ಮಿತಾಳ ಮನೆಯ ಇಂಟರ್ನೆಟ್ಟಿನ ಕೇಬಲ್ಲು ಕೆಟ್ಟಾಗ ನಮ್ಮ ಪಾಸ್‌ವರ್ಡನ್ನು ಶಾರದಾ ಕೊಟ್ಟಿದ್ದಳಂತೆ. ನನಗೆ ಹೇಳಿರಲಿಲ್ಲ. ಹೇಳಿದರೆ ಹೀಗೆ ಏನಾದರೂ ಮಾಡುತ್ತೀರಿ ಎಂದೇ ಹೇಳಲಿಲ್ಲ ಎಂದು ಆಮೇಲೆ ಹೇಳಿದಳು.

ಶಾರದಾ ನನ್ನ ಕಡೆ ನೋಡದೆ, ಆಜಿಯ ಟ್ಯಾಬ್ಲೆಟ್ಟನ್ನು ಮತ್ತೆ ಸೇರಿಸಿ ಕೊಡುತ್ತೇನೆ ಎಂದು ಸ್ಮಿತಾಳ ಜೊತೆ ಕೆಳಗಿಳಿದಳು. ನಾವು ಉಳಿದವರು ನಮ್ಮ ಬಾಗಿಲ ಮುಂದೆಯೇ ನಿಂತಿದ್ದೆವು. ವಾನಖೇಡೆ, ಕೆಲಸದ ಒತ್ತಡದಿಂದ ಮನುಷ್ಯನಿಗೆ ಇಲ್ಲದ ದನಿಗಳು ಕೇಳಿಸುವುದುಂಟು, ಅದಕ್ಕೆ ಒಳ್ಳೆಯ ಡಾಕ್ಟರುಗಳಿದ್ದಾರೆ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳತೊಡಗಿದರು.

ಮುಚ್ಚಿದ ಬಾಗಿಲ ಹಿಂದೆ, ಯಾರೂ ಇಲ್ಲದ ನಮ್ಮ ಮನೆಯೊಳಗಿಂದ, ಕರಕರ ಸದ್ದಾಯಿತು.

"ಯಕ್ಕಾ. ಬಾಗ್ಲಾ ತಗದಿಡು. ನಾ ಬರ್ತೀನಿ."

ವಾನಖೇಡೆಯವರ ಕೈ ನನ್ನ ಹೆಗಲ ಮೇಲಿರಲಿಲ್ಲ. ಕೈಯ ಜೊತೆ ವಾನಖೇಡೆಯವರೂ ಇರಲಿಲ್ಲ. ಕನ್ನಡ ಬಾರದ ಅಷ್ಟೂ ಜನ ಆ ಮಾತಿಗೆ ಮೆಟ್ಟಿಲಿಳಿದು ಓಡಿದರು. ಅವರ ಹಿಂದೆ, ಆ ದನಿಯನ್ನು ಓಡಿಸಿದೆನೆಂದು ಹೇಳಿಕೊಂಡಿದ್ದ ನಾನೂ ಓಡಿದೆ.

ಮೊದಲ ಮಹಡಿಯಲ್ಲಿ ಸ್ಮಿತಾಳ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕಿಟಕಿಯ ಪಕ್ಕ ಮಂಚದ ಮೇಲೆ ಬೆಳ್ಳಗಿನ ಒಬ್ಬ ಮುದುಕಿ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಬೆರಳೂರಿ ಕೂತಿದ್ದರು. ಟ್ಯಾಬ್ಲೆಟ್ಟಿನಿಂದ ಸದ್ದೇ ಇಲ್ಲ. ಸದ್ದೆಲ್ಲ ಮೇಲಿನಿಂದ, ನಮ್ಮ ಮನೆಯಿಂದ ಇಳಿದು ಬರುತ್ತಿತ್ತು. ಆಜಿ ತಲೆ ಎತ್ತಿ ಚಾವಣಿಯನ್ನು ನೋಡುತ್ತಿದ್ದರು. ಪಕ್ಕದಲ್ಲಿ ಶಾರದಾ ನಿಂತಿದ್ದಳು.

"ಬರ್ರಿ," ಎಂದಳು ನನಗೆ. "ನಿಮ್ಮ ದೆವ್ವ ಇಲ್ಲೆ ಕುಂತೈತಿ ನೋಡ್ರಿ."

ಆಗ ನೆನಪಾಯಿತು. ಅಡುಗೆ ಮಾಡುತ್ತಾ ಶಾರದಾ ತನ್ನ ಫೋನಿನ ಹಾಡುಗಳನ್ನು ಕಂಪ್ಯೂಟರಿನ ಸ್ಪೀಕರಿನಲ್ಲಿ ಕೇಳಲಿ ಎಂದು ಬೇಸಿಗೆಯ ಮೊದಲಿಗೆ ನಾನು ಒಂದು ತಂತ್ರಾಂಶ ಹಾಕಿದ್ದೆ. ಈ ವೈಫೈನಲ್ಲಿರುವ ಎಲ್ಲ ಯಂತ್ರಗಳಿಗೂ ಅನುಮತಿ ಕೊಡಬಹುದೇ ಎಂದು ಅದು ಕೇಳಿತ್ತು. ಓದದೆ, ಹೌದು ಎಂದು ಒತ್ತಿದವನು ನಾನು. ಆಜಿಯ ಬೆರಳು ಯಾವುದೋ ಗುರುತಿನ ಮೇಲೆ ಬಿದ್ದು, ಅಂದಿನಿಂದ ಅವರ ಟ್ಯಾಬ್ಲೆಟ್ಟಿನ ದನಿಯೆಲ್ಲ ಮೇಲೆ ನಮ್ಮ ಮನೆಗೆ ಬರುತ್ತಿತ್ತು.

ಆಜಿ ಅಕ್ಕಲಕೋಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು, ಮನೆಮಾತು ಕನ್ನಡ. ಮದುವೆಯಾಗಿ ಮರಾಠಿ ಮನೆಗೆ ಬಂದು, ಗಂಡನ ರೈಲ್ವೆ ಕೆಲಸದ ಹಿಂದೆ ಊರೂರು ಸುತ್ತಿದವರು. ಕನ್ನಡದಲ್ಲಿ ಮಾತಾಡಲು ಅವರಿಗೆ ಉಳಿದಿದ್ದವಳು ತಂಗಿ ಒಬ್ಬಳೇ. ಆಕೆ ಮೊಮ್ಮಕ್ಕಳ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ಆಜಿ ಒತ್ತಿದರೆ ಪರದೆಯ ಮೇಲೆ ಗೆರೆ ಓಡುತ್ತಿತ್ತು, ದನಿ ಇರುತ್ತಿರಲಿಲ್ಲ. ತನಗೆ ಕಿವಿ ಹೋಯಿತು ಎಂದುಕೊಂಡರು. ಬೇರೆಲ್ಲ ಕೇಳಿಸುತ್ತಿದೆಯಲ್ಲ ಎಂದಾಗ, ತಂಗಿಯೇ ಸಿಟ್ಟಾಗಿ ಮಾತಿಲ್ಲದ್ದನ್ನು ಕಳಿಸುತ್ತಿದ್ದಾಳೆ ಎಂದುಕೊಂಡರು. ಅತ್ತ ತಂಗಿ, ಅಕ್ಕ ಯಾಕೆ ಉತ್ತರ ಕೊಡುತ್ತಿಲ್ಲ, ಸಿಟ್ಟಾದಳೇ ಎಂದು ಕೇಳುತ್ತಲೇ ಇದ್ದಳು. ತಾನೇ ಇಲ್ಲಿಗೆ ಬರುತ್ತೇನೆ, ಆಷಾಢಕ್ಕೆ ಇಬ್ಬರೂ ಕೂಡಿ ಪಂಢರಪುರಕ್ಕೆ ಹೋಗೋಣ ಎನ್ನುತ್ತಿದ್ದಳು. ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವನು ನಾನು. ಕೇಳಿಸಿಕೊಂಡು ದೆವ್ವ ಎಂದುಕೊಂಡವನು ನಾನು. ಕೊನೆಗೆ ಓಡುವ ಗೆರೆಯನ್ನೂ ನಿಲ್ಲಿಸಿದವನು ನಾನು.

ಮೇಲೆ ಹೋಗಿ ಆ ತಂತ್ರಾಂಶವನ್ನು ಕಿತ್ತುಹಾಕಿದೆ. ನನ್ನ ಇಡೀ ತಪಾಸಣೆಯಲ್ಲಿ ಸರಿಯಾಗಿ ಮುಚ್ಚಿದ್ದು ಅದೊಂದನ್ನೇ. ಕೆಳಗೆ ಬಂದಾಗ ಆಜಿ ಟ್ಯಾಬ್ಲೆಟ್ಟನ್ನು ಕಿವಿಗೆ ಒತ್ತಿಕೊಂಡಿದ್ದರು. ಕಳೆದ ಎಷ್ಟೋ ದಿನಗಳ ಮಾತುಗಳು ಒಂದರ ಹಿಂದೊಂದು ಬರುತ್ತಿದ್ದವು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಸ್ಮಿತಾ ಅವರ ಕೈಗೆ ಮಜ್ಜಿಗೆ ಕೊಟ್ಟಳು. ಕುಡಿದರು.

ಬಾಗಿಲಲ್ಲಿ ನಿಂತು ನಾನು, ನನ್ನಿಂದ ತಪ್ಪಾಯ್ತು ಆಯಿ, ನಿಮಗೆ ಬಹಳ ತ್ರಾಸು ಕೊಟ್ಟೆ ಎಂದು ನಮ್ಮ ಕಡೆಯ ಕನ್ನಡದಲ್ಲಿ ಹೇಳಿದೆ. ಆಜಿ ತಟ್ಟನೆ ತಿರುಗಿದರು. ನನ್ನ ಮುಖವನ್ನಲ್ಲ, ಬಾಯಿಯನ್ನು ನೋಡಿದರು. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ನನ್ನ ಕ್ಷಮಾಪಣೆಯನ್ನು ಅವರು ಮೂರು ಸಲ ಹೇಳಿಸಿಕೊಂಡರು. ಕ್ಷಮಿಸಿದರೋ ಇಲ್ಲವೋ ಹೇಳಲಿಲ್ಲ, ಕೇಳಲು ಅವರಿಗೆ ಹಿತವಾಗಿತ್ತು.

ಆಮೇಲೆ ಟ್ಯಾಬ್ಲೆಟ್ಟನ್ನು ಬಾಯಿಯ ಹತ್ತಿರ ಹಿಡಿದು, ನಾನು ಎದುರಿಗೇ ಇರುವುದನ್ನು ಲೆಕ್ಕಕ್ಕೇ ಇಡದೆ, ತಂಗಿಗೆ ಉತ್ತರ ಹೇಳಿದರು. ಕಿವಿ ಸರಿಯಿದೆ ಎಂದರು. ಸಿಟ್ಟು ಇಲ್ಲ, ಪಂಢರಪುರಕ್ಕೆ ಹೋಗೋಣ ಎಂದರು. ಕೊನೆಗೆ ದನಿ ಸ್ವಲ್ಪ ತಗ್ಗಿಸಿದರು.

"ಇಲ್ಲೆ ಮ್ಯಾಲಿನ ಮನ್ಯಾಗ ಒಬ್ಬಾಂವ ಅದಾನ. ತೆಲಿ ಸ್ವಲ್ಪ ಸರಿ ಇಲ್ಲ ಅಂತಾರ. ಆದ್ರ ಕನ್ನಡ ಮಾತಾಡ್ತಾನ."

ಚಹಾ ಆಗುವಷ್ಟರಲ್ಲಿ ತಂಗಿಯ ಉತ್ತರ ಬಂತು. ಈಗ ದನಿ ಟ್ಯಾಬ್ಲೆಟ್ಟಿನಿಂದಲೇ ಗಟ್ಟಿಯಾಗಿ ಬಂದದ್ದರ ಶ್ರೇಯಸ್ಸು ನನ್ನದು, ಆದ್ದರಿಂದ ಓಡಿಹೋಗಿ ಮತ್ತೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತವರಿಗೂ ಚೆನ್ನಾಗಿ ಕೇಳಿಸಿತು. ಶಾರದಾ ಅದನ್ನು ವಾನಖೇಡೆ ಸಾಹೇಬರಿಗೆ ಮರಾಠಿಯಲ್ಲಿ ಬಿಡಿಸಿ ಬೇರೆ ಹೇಳಿದಳು.

"ತೆಲಿ ಇಲ್ದಿದ್ರ ಇರ್ಲಿ ಬಿಡಕ್ಕಾ. ನಮಗ ಬೇಕಾಗಿದ್ದು ಬಾಯಿ."